ಮೊದಲ ಪಂಕ್ತಿ

ಮೊನ್‌ಬಲ್ಕ್. ಜೂನ್ ತಿಂಗಳು. ಗಾಳಿ ಮೂರು ತಾಸು ಬಡಿದು
ಬೆಟ್ಟದ ಮರಗಳನ್ನೆಲ್ಲ ತಂತಿಯ ಮೇಲೆ ಮಲಗಿಸಿ ಹೋಯಿತು.
ಗುರುವಾರದೊಳಗೆ ಕರೆಂಟು ಬರಬಹುದು ಎಂದಿತು ಕಂಪನಿಯ ಸಂದೇಶ;
ಯಾವ ಗುರುವಾರ ಎನ್ನಲಿಲ್ಲ.

ಗ್ಯಾರೇಜಿನ ಗೋಡೆಗೆ ಒರಗಿ ಇನ್ವರ್ಟರು ಗುಂಯ್ ಎನ್ನುತ್ತದೆ.
ಅದರೆದುರು ಟಾರ್ಚು ಹಿಡಿದು ನಾನು,
ಮದುವೆ ಮನೆಯಲ್ಲಿ ಅನ್ನ ಕಡಿಮೆ ಬಿದ್ದದ್ದು
ಗೊತ್ತಿರುವ ಒಬ್ಬಳೇ ಹೆಂಗಸಿನ ಹಾಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಈ ಮನೆಯ ಕಾಲುಗಳ ಅಳತೆ ನನಗೆ ಬಾಯಿಪಾಠ:
ಫ್ರಿಜ್ಜು ನೂರಿಪ್ಪತ್ತು; ಏಳುವಾಗ ಮಾತ್ರ
ಕೆಸರಿನಿಂದೆದ್ದ ಎಮ್ಮೆಯಂತೆ ಏಳು ಪಟ್ಟು ಒದರುತ್ತದೆ.
ರೌಟರು ಹನ್ನೆರಡು. ದೀಪಕ್ಕೆ ಒಂಬತ್ತು.
ಟೋಸ್ಟರು ಒಂಬೈನೂರು, ಎರಡು ಚೂರು ಬ್ರೆಡ್ಡಿನ ಮುಖ ಕೆಂಪಾಗಲಿಕ್ಕೆ!
ಕೆಟಲು ಎರಡು ಸಾವಿರದ ಇನ್ನೂರು.
ಅದರ ಮುಂದೆ ನನ್ನ ಬ್ಯಾಟರಿಯೆಂದರೆ
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮೊದಲ ದಿನವೇ ಶಿವಯೋಗಿ, ಹೂವಿನ ಲಾರಿ ಇಳಿಸಿ ಬಂದವನು,
ಕೇಳದೆ ಕೆಟಲಿನ ಗುಂಡಿ ಒತ್ತಿದ.
ಟಕ್.
ಮನೆಯೆಲ್ಲ ಕತ್ತಲು. ಕತ್ತಲಲ್ಲಿ ಅವನ ದನಿ:
"ಒಂದು ಕಪ್ ಚಾ, ಮಾರಾಯ್ತಿ."
ಆವತ್ತೇ ಬಿಲ್ಲಿನ ಹಿಂಬದಿಗೆ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.
ಅದರ ಕೆಳಗೆ ಇಂಚರ, ಹಸಿರು ಪೆನ್ಸಿಲಿನಲ್ಲಿ:
ಅಮ್ಮನ ಸಿಟ್ಟು – ಮೂರು ಸಾವಿರ.

ಎರಡನೆಯ ರಾತ್ರಿ, ಹತ್ತೂಮುಕ್ಕಾಲಿಗೆ,
ಬೇಲಿಯಾಚೆಯಿಂದ ಗ್ಲೆನಿಸ್ ಬಡಿದಳು, ಬಾಗಿಲನ್ನಲ್ಲ,
ಬಕೆಟ್ಟನ್ನು, ಸೌಟಿನಿಂದ.
ಕೂಗುವಷ್ಟು ಉಸಿರಿಲ್ಲ ಅವಳಲ್ಲಿ.
ಮೂಗಿನಲ್ಲಿ ಕೊಳವೆ. ಸಿಲಿಂಡರಿನ ಮುಳ್ಳು ಕೆಂಪಿಗೆ ತಾಗಿದೆ.
ಒಳಗೆ ಅವಳ ಆಮ್ಲಜನಕದ ಯಂತ್ರ, ಸತ್ತ ಪೆಟ್ಟಿಗೆ.
ತಿರುಗಿಸಿ ಬೆನ್ನಿನ ಚೀಟಿ ಓದಿದೆ:
ಮುನ್ನೂರೈವತ್ತು.

ಲೆಕ್ಕ ಹಾಕಿದೆ. ಪರದೆಯಲ್ಲಿ ಎಪ್ಪತ್ತೊಂದು ಶೇಕಡಾ.
ತಳದ ಹತ್ತನ್ನು ಮುಟ್ಟುವ ಹಾಗಿಲ್ಲ.
ಇನ್ವರ್ಟರು ತನಗೇ ನಲವತ್ತು ತಿನ್ನುತ್ತದೆ,
ಬಡಿಸುವವನಿಗೂ ಹಸಿವಿರುತ್ತದಲ್ಲ.
ಹನ್ನೊಂದರಿಂದ ಏಳೂವರೆ, ಬಿಸಿಲು ಚಾವಣಿ ಹತ್ತುವವರೆಗೆ:
ಎಷ್ಟು ಸಲ ಕೂಡಿಸಿದರೂ
ಅರ್ಧ ತಾಸು ಸಾಲದು.

ಪಂಕ್ತಿಯಿಂದ ಒಬ್ಬೊಬ್ಬರನ್ನೇ ಎಬ್ಬಿಸಿದೆ.
ಫ್ರಿಜ್ಜು ಏಳು. ಹಾಲು ಕೆಟ್ಟರೆ ಕೆಡಲಿ.
ರೌಟರು ಏಳು. (ಇಂಚರ ಅತ್ತಳು. ಅಳುವಿಗೆ ವ್ಯಾಟಿಲ್ಲ.)
ಮೀನಿನ ತೊಟ್ಟಿಯ ಗುಳ್ಳೆಯಂತ್ರ ನಾಲ್ಕೇ ವ್ಯಾಟು.
ಅದರೆದುರು ಸುಮಾರು ಹೊತ್ತು ನಿಂತೆ.
ಏಳಿಸಲಿಲ್ಲ. ಯಾಕೆಂದು ನನ್ನನ್ನು ಕೇಳಬೇಡಿ.

ಕೇಬಲ್ಲು ಬೇಲಿ ದಾಟಿ, ಕಮೀಲಿಯಾ ಪೊದೆಯ ಹೆಗಲ ಮೇಲೆ ಹಾದು
ಅವಳ ಅಡುಗೆಮನೆಯ ಕಿಟಕಿ ಹೊಕ್ಕಿತು.
ಉಸ್ಸ್, ಧಡ್. ಉಸ್ಸ್, ಧಡ್.
ನಾವು ಕಂಬಳಿ ಹೊದ್ದು ಖಟಕ್ ರೊಟ್ಟಿ, ಶೇಂಗಾ ಚಟ್ನಿ ಮುರಿದುಕೊಂಡು ತಿಂದೆವು,
ಊರಿಂದ ಬಂದ ಡಬ್ಬಿ, ಯಾವ ಪ್ಲಗ್ಗನ್ನೂ ಕೇಳದ ಊಟ.
ಆಮೇಲೆ ಮಲಗಿ ಆ ಸದ್ದನ್ನೇ ಎಣಿಸಿದೆ.
ನಡುವೆ ಒಮ್ಮೆ ಅದು ತಡೆದಂತಾಯಿತು;
ನನ್ನ ಉಸಿರೂ.

ಬೆಳಿಗ್ಗೆ ಹನ್ನೊಂದು ಶೇಕಡಾ.
ಎಲ್ಲಿಂದ ಉಳಿಯಿತೋ ಆ ಒಂದು, ನನ್ನ ಲೆಕ್ಕದಲ್ಲಿ ಇರಲಿಲ್ಲ.

ನಿಜಕ್ಕೂ ಗುರುವಾರವೇ ಕರೆಂಟು ಬಂತು.
ಎಲ್ಲ ಗಡಿಯಾರಗಳೂ ಒಟ್ಟಿಗೆ ಹನ್ನೆರಡು ಎಂದು ಮಿಟುಕಿದವು.
ಗ್ಲೆನಿಸ್ ಕೇಬಲ್ಲು ಸುತ್ತಿ ತಂದಳು, ಅಚ್ಚುಕಟ್ಟು ಎಂಟರ ಆಕಾರ.
"ನಾನು ಎಷ್ಟು ಕೊಡಬೇಕು?"
ಬೇಡ ಅನ್ನಬಹುದಿತ್ತು. ಆದರೆ ಅವಳ ಮುಖ ನೋಡಿದೆ.
"ಮೂರು ಯೂನಿಟ್ಟಿಗೆ ಒಂದಿಷ್ಟು ಕಡಿಮೆ. ಎಂಬತ್ತೈದು ಸೆಂಟು."
ಡಾಲರಿನ ನಾಣ್ಯ ತೆಗೆದು ನನ್ನ ಅಂಗೈಗಿಟ್ಟಳು.
"ಚಿಲ್ಲರೆ ನೀನೇ ಇಟ್ಟುಕೋ," ಎಂದಳು, ಎರಡು ಉಸಿರಿನಲ್ಲಿ.

ಕೆಟಲು ಹಾಕಿದೆ.
ಅದು ಕುದಿಯುವವರೆಗೆ, ಯಾಕೋ,
ಅಡುಗೆಮನೆಯ ದೀಪ ಆರಿಸಿ ನಿಂತಿದ್ದೆ.