ಹುಣಸಿಹಣ್ಣಿಲ್ಲದ ಮೀನು

ಬಾಗಲಕೋಟಿ ನವನಗರದಾಗ ನನ್ನ ಚಷ್ಮಾದಂಗಡಿ.
ಗಿರಾಕಿ ಕುಂಡ್ರೂ ಬೆಂಚಿನ ಎದುರಿಗೆ ಎರಡು ಫೂಟಿನ ಗಾಜಿನ ತೊಟ್ಟಿ,
ಅದರಾಗ ಆರು ಗಪ್ಪಿ, ಒಂದು ಸಕ್ಕರ್ ಮೀನು.
ಹಗಲೆಲ್ಲಾ ಗಾಜಿಗೆ ಬಾಯಿ ಹಚ್ಚಿ ಹಾವಸಿ ತಿಕ್ಕತಿತ್ತು,
ಪಗಾರ ಕೇಳದ ಆಳು.

ಆದ್ರೂ ಬಿಸಿಲಿಗೆ ನೀರು ಹಸರಾಗೂದು ನಿಲ್ಲಲಿಲ್ಲ.
ಪಡಸಾಲಿ ಬಳ್ಳಿಯಿಂದ ಮೂರು ಗೆಣ್ಣು ಕತ್ತರಿಸಿ ತಂದು
ಮನಿಪ್ಲಾಂಟು ತೊಟ್ಟಿಯ ಅಂಚಿಗೆ ಸಿಗಿಸಿದೆ.
ಎಲಿ ಮ್ಯಾಲ ಗಾಳಿಯಾಗ, ಗೆಣ್ಣು ಕೆಳಗ ನೀರಾಗ.
ಹತ್ತು ದಿನಕ್ಕ ಬೇರು ಬಂದ್ವು, ಶ್ಯಾವಿಗಿ ಎಳಿಯಷ್ಟು ಬೆಳ್ಳಗ.
ನೀರು ಬಂತಂತ ಊರು ಬಿಟ್ಟು ಬಂದವರು ನಾವು;
ಇದು ನೆಲದ ಗಿಡ, ನೀರಾಗ ಊರು ಕಟ್ಟಾಕ ನಿಂತಿತ್ತು.

ಮೀನು ಗಾಜು ಬಿಟ್ಟು ಬೇರಿಗೆ ಬಾಯಿ ಹಚ್ಚಿತು.

ಮಂದಾಕಿನಿ ಬುತ್ತಿ ತಂದಾಕಿ ನಿಂತು ನೋಡಿದಳು.
ಬೆಳಗಾವಿ ಶಹಾಪುರದಾಕಿ, ಅಳುವಡಿ ಮಾಡೂದ್ರಾಗ ಅವರವ್ವನ ಕೈ.
"ಇದೂ ಕೆಸವಿನ ಕುಲಾನ ಅಲ್ಲೇನು?
ಎಲಿಗೆ ಹುಣಸಿಹಣ್ಣು ಸವರದಿದ್ರ ಗಂಟಲಾಗ ಸೂಜಿ ಚುಚ್ಚತಾವ.
ನಿಮ್ಮ ಮೀನಿನ ಹಂತ್ಯಾಕ ಹುಣಸಿಹಣ್ಣು ಐತೇನು?"
ಅಂದು ಡಬ್ಬಿ ಬಿಚ್ಚಿದಳು.
ಆವತ್ತು ನನ್ನ ಗಂಟಲಿಗೂ ರೊಟ್ಟಿ ಇಳೀಲಿಲ್ಲ.

ತಳವಾರ ಮಾಸ್ತರು ಫ್ರೇಮಿನ ಸ್ಕ್ರೂ ಬಿಗಿಸಾಕ ಬಂದಿದ್ರು,
ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವರು.
"ಎಲಿಯೊಳಗ ಹರಳು ಅದಾವ, ಖರೆ.
ಅದು ಗಿಡಾ ತಿನ್ನಾಕತ್ತೈತೋ, ಗಿಡದ ಮ್ಯಾಲಿನ ಲೋಳಿ ನೆಕ್ಕಾಕತ್ತೈತೋ
ಮೊದಲ ನೋಡು. ನೋಡೂದ ನಿನ್ನ ಧಂದೆ ಅಲ್ಲೇನೋ?"
ಸ್ಕ್ರೂವಿನ ರೊಕ್ಕ ಕೊಡದನ ಹ್ವಾದ್ರು.

ರಾತ್ರಿ ಶಟರ್ ಅರ್ಧಾ ಇಳಿಸಿ
ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಕುಂತೆ.
ಸಾರು ಉಂಡ ಗಂಗಾಳ ಹುಡುಗರು ಬೆರಳಿಲೆ ಬಳಿತಾರಲ್ಲಾ,
ಹಂಗ ಬೇರಿನ ಉದ್ದಕ್ಕ ಹೊಂಟಿತ್ತು ಬಾಯಿ.
ಜಿಗಟು ಹೋಗಿ ಬೇರು ಉಳೀತಿತ್ತು.
ಒಂದು ತುದಿ ಮಾತ್ರ ಮುರದಿತ್ತು,
ಕಚ್ಚಿದ್ದೋ, ತಾನ ಕೊಳತದ್ದೋ.
ಬಿಲ್ ಬುಕ್ಕಿನ ಹಿಂದ ಬರಕೊಂಡೆ:
ಒಂದು ತುದಿ. ಸಂಶೇ.

ಶನಿವಾರ ಮುಂಜಾನೆ ಮೀನು ಮಗ್ಗಲಾಗಿ ತಳಕ್ಕ ಬಿದ್ದಿತ್ತು.

ಬಳ್ಳಿ ಕಿತ್ತು ಬೀದಿಗೆ ಒಗದೆ.
ಬೈಗಳ ಎಷ್ಟು ಬರತಾವೋ ಅಷ್ಟೂ ಅದಕ್ಕ.
ಹೊಳ್ಳಿ ಬಂದು ನೋಡಿದ್ರ
ಬೇರಿನ ಗೊಡವಿಗೆ ಎಂದೂ ಹೋಗದ ಗಪ್ಪಿಗಳೂ
ಮ್ಯಾಲ ಬಂದು ಬಾಯಿ ತೆರೀತಿದ್ವು.
ಮೂಲ್ಯಾಗ ಬಕೆಟ್ ಇತ್ತು. ಮೂಸಿದೆ.
ಬ್ಲೀಚಿಂಗ್ ಪುಡಿ.
ಹಿಂದಿನ ರಾತ್ರಿ ಅವಸರದಾಗ ನಳದ ನೀರು
ಇಡದನ, ಆರಿಸದನ ಸುರುವಿದ ಕೈ
ಇನ್ನೂ ಬಳ್ಳಿ ಒಗದ ಹಸಿಯಾಗ ಇತ್ತು.

ಗಟಾರದ ದಂಡಿಗೆ ಬಿದ್ದ ಬಳ್ಳಿ ಎತ್ತಿ ತಂದೆ,
ಒಂದೆಲಿ ಮ್ಯಾಲ ಮೋಟರ್‌ಸೈಕಲ್ಲಿನ ಗಾಲಿ ಅಚ್ಚು.
ಮೂರು ಸಲ ತೊಳದು, ಎರಡು ದಿನ ಇಟ್ಟ ನೀರಾಗ ಬಿಟ್ಟೆ.
ಗಪ್ಪಿ ನಾಕು ಉಳದಿದ್ವು.
ಹೊಸಾ ಸಕ್ಕರ್ ತಂದೆ, ಹೆಬ್ಬೆರಳಿನಷ್ಟುದ್ದ.
ಈ ಮೀನಿಗೆ ಹಸಿವ್ಯಾಗಿ ಬೇರು ಕಡೀಬಾರದಂತ
ರಾತ್ರಿ ಒಂದು ತುಂಡು ಸೌತಿಕಾಯಿ ಹಾಕತೀನಿ,
ಎಲಿ ನೀರಿಗೆ ಬಗ್ಗದಂಗ ದಾರ ಕಟ್ಟೀನಿ.
ಏನೂ ಆಗೂದಿಲ್ಲಂತ ಯಾರಿಗೂ ಬರದು ಕೊಡಲಾರೆ.
ಎಂಟು ತಿಂಗಳಾತು. ಅದು ಬೇರಿನ ನೆರಳಾಗ ಮಲಗತೈತಿ.
ಮಂದಾಕಿನಿ ಈಗ ಅದಕ್ಕ "ಅಳಿಯಾ" ಅಂತಾಳ,
ಹುಣಸಿಹಣ್ಣಿನ ಮಾತು ತೆಗೆಯೂದಿಲ್ಲ.

ನಿನ್ನೆ ಕಲಾದಗಿಯಿಂದ ಹುಸೇನಬಿ ಅಜ್ಜಿ ಬಂದಿದ್ದಳು,
ಕೌದಿ ಹೊಲಿಯಾಕಿ. ಹೊಸಾ ಚಷ್ಮಾ ಏರಿಸಿ
ಗ್ವಾಡಿ ಮ್ಯಾಲಿನ ಅಕ್ಷರ ನೋಡ್ರೆವಾ ಅಂದ್ರ
ತೊಟ್ಟಿ ಕಡೆ ಹೊಳ್ಳಿದಳು.
"ಯಪ್ಪಾ, ಇದರ ತುಟಿ ಮ್ಯಾಲ ಹಲ್ಲು ಅದಾವಲ್ಲೋ,
ನನ್ನ ಸೂಜಿ ತುದಿಗಿಂತ ಸಣ್ಣ!"

ನಂಬರ್ ಸರಿ ಐತಿ ಅಂತ ಬರಕೊಂಡೆ.