ಹದಿನೇಳನೇ ಮನೆ

ನನ್ನ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್ಕು,
ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು,
ಪೋಲಿಯೋ ಹನಿ, ಬಸುರಿಯರ ತಿಂಗಳು, ಜ್ವರದ ಲೆಕ್ಕ ಬರೆಯುವಂಥದ್ದು.
ಆ ದಿನ ಪಂಚಾಯಿತಿಯವರು ಕೊನೆಯ ಹಾಳೆಗೆ ಗೆರೆ ಎಳೆಸಿದರು:
ಮನೆ ಯಜಮಾನರು, ತಲೆ ಎಷ್ಟು, ಹೊರಟರೇ, ಸಹಿ.

ಹಿಂದಿನ ದಿನ ಶಾಲೆಯಲ್ಲಿ ಧ್ವಜ ಏರಿತ್ತು, ಬಿಚ್ಚಿಕೊಂಡಿರಲಿಲ್ಲ.
ನೀರು ಕುಡಿದ ಬಟ್ಟೆ ಕಂಬಕ್ಕೆ ಅಂಟಿಕೊಂಡಿತ್ತು,
ಮಕ್ಕಳು ಅದಕ್ಕೇ ಸೆಲ್ಯೂಟ್ ಹೊಡೆದು ಲಾಡು ತಿಂದಿದ್ದರು.
ಕಕ್ಕಡ ಮುಗಿದದ್ದು ಮಳೆಗೆ ಯಾರೂ ಹೇಳಿದ ಹಾಗಿರಲಿಲ್ಲ.

ಕಲ್ಲುಮೊಟ್ಟೆಯಲ್ಲಿ ಹದಿನೇಳು ಮನೆ.
ಮೊದಲ ಮನೆಯವರು ನನ್ನನ್ನು ಕಂಡೇ ಬೀಗ ಹಾಕಿದರು.
ಆರನೆಯದರಲ್ಲಿ ಬಾಣಂತಿ, ಕುರ್ಚಿಯ ಸಮೇತ ಎತ್ತಿದರು.
ಒಂಬತ್ತರಲ್ಲಿ ಅಡುಗೆಮನೆಯ ನೆಲದಿಂದಲೇ ಊಟೆ ಎದ್ದಿತ್ತು;
ದೇವಕ್ಕ ಅದರ ಮೇಲೊಂದು ಗೋಣಿ ಹಾಸಿ
"ಯಾರಾದರೂ ಬಂದರೆ ಕಾಣಬಾರದು ನೋಡು" ಎಂದು ಹೊರಟಳು.
ಹನ್ನೆರಡನೆಯ ಮನೆಯ ನಾಯಿ ಬಂತು, ಬೆಕ್ಕು ಬರಲಿಲ್ಲ.

ಹದಿನೇಳನೆಯದು ಮೋಣಪ್ಪನದು, ಎಲ್ಲಕ್ಕಿಂತ ಮೇಲೆ.
ಅವನು ಒಲೆಯ ಮೇಲೆ ಸಕ್ಕರೆ ಪಾಕ ಕಾಯಿಸುತ್ತಿದ್ದ.
"ಹನ್ನೊಂದು ಪೆಟ್ಟಿಗೆ ಜೇನು. ಈ ಮಳೆಗೆ ಹೂವೆಲ್ಲಿ?
ನಾಲ್ಕು ದಿನ ಪಾಕ ತಪ್ಪಿದರೆ ಬರೀ ಪೆಟ್ಟಿಗೆ.
ನಿಮ್ಮ ಜೀಪಿನಲ್ಲಿ ಹುಳಕ್ಕೆ ಜಾಗ ಇದೆಯಾ?"
ಬಾವಿ ಕೆಂಪಾಗಿದೆ ಎಂದೆ.
"ಮಳೆಗಾಲದಲ್ಲಿ ಕೆಂಪಾಗದೆ ಇನ್ನೇನು."
ಅಂಗಳದ ಬಿರುಕಿನೊಳಗೆ ನನ್ನ ಕೊಡೆ ಇಳಿಸಿ ತೋರಿಸಿದೆ,
ಹಿಡಿಯವರೆಗೂ ಹೋಯಿತು.
ಅವನು ಪಾಕದ ಎಳೆ ನೋಡುತ್ತಿದ್ದ.
"ನನ್ನ ಜೀವ, ನನ್ನ ಜವಾಬ್ದಾರಿ. ಎಲ್ಲಿ, ಬರೆದುಕೊಡುತ್ತೇನೆ."

ದುಂಡು ಅಕ್ಷರ. ಪೆನ್ನು ನನ್ನದೇ.
ಬೆರಳಿನ ಅಂಟು ಹಾಳೆಗೂ ಹತ್ತಿತು.

ಯಾರಿಗೂ ಹೇಳದ್ದು ಇದು:
ಆ ಸಹಿ ಬಿದ್ದಾಗ ನನಗೆ ಹಗುರಾಯಿತು.
ಕಾಲಲ್ಲಿ ಜಿಗಣೆ, ಮನೆಯಲ್ಲಿ ಎರಡು ಮಕ್ಕಳು, ಕತ್ತಲಾಗಲು ಒಂದು ಗಂಟೆ.
ಇನ್ನೊಮ್ಮೆ ಕೇಳಬಹುದಿತ್ತು. ಒಲೆ ಆರಿಸಬಹುದಿತ್ತು.
ಬೈಯಬಹುದಿತ್ತು, ಅವನ ಅಂಗಳದಲ್ಲೇ ಕೂತುಬಿಡಬಹುದಿತ್ತು.
ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ ಗಂಟು ಬಿಗಿದೆ.

ರಾತ್ರಿ ಗುಡ್ಡದ ಹೊಟ್ಟೆಯಲ್ಲಿ ಲಾರಿ ತಿರುಗಿಸಿದ ಸದ್ದು.
ಬೆಳಿಗ್ಗೆ ಫೋನು, ಹರಿದು ಹರಿದು ಬರುವ ದನಿ:
"ಹಿಂದೆ ಗುಡ್ಡ ಇಲ್ಲ, ಮುಂದೆ ದಾರಿ ಇಲ್ಲ,
ಯಾರನ್ನಾದರೂ ಕಳಿಸಿ."

ಯಾರನ್ನಾದರೂ.
ಯಾರಾದರೂ ಎಂದರೆ ಜೀಪಿನ ರಝಾಕ್.
ಯಾರಾದರೂ ಎಂದರೆ ಲೈನ್‌ಮನೆಯ ಸೆಲ್ವ,
ಮದುವೆಗೆ ಇಪ್ಪತ್ತು ದಿನ ಇದ್ದ ದಿಲನ್.
ಕಾಫಿ ಗಿಡಗಳು ನಿಂತ ಹಾಗೇ ಜಾರುತ್ತಿದ್ದವಂತೆ,
ಸಿಲ್ವರ್ ಮರಕ್ಕೆ ಕಟ್ಟಿದ ಹಗ್ಗದ ಜೊತೆ ಮರವೇ ಬಂತಂತೆ.
ನಾಲ್ಕು ಗಂಟೆಗೆ ಮೋಣಪ್ಪನನ್ನು ಹೊತ್ತು ತಂದರು,
ಮೈಮೇಲೆ ಒಂದು ತರಚು ಗಾಯವಿಲ್ಲ.
ರಝಾಕನ ಎಡಗೈಯ ಎರಡು ಬೆರಳು ಕಲ್ಲಿನಡಿ ಉಳಿದವು.

ಮಡಿಕೇರಿಯ ಕಲ್ಯಾಣಮಂಟಪದಲ್ಲಿ, ಗಂಜಿಯ ಸಾಲಿನಲ್ಲಿ,
ಮೋಣಪ್ಪ ಹಿಂದಿನಿಂದ ಮೆಲ್ಲಗೆ ಕೇಳಿದ:
"ಆ ಹಾಳೆ ಹರಿದುಬಿಡಕ್ಕ."
ಹರಿಯಲಿಲ್ಲ.
ಅವನ ಸಹಿಯ ಪಕ್ಕದಲ್ಲಿ ನನ್ನ ಅಕ್ಷರವೂ ಇದೆ:
"ತಿಳಿಸಲಾಗಿದೆ."

ಈ ವರ್ಷ ಮತ್ತೆ ರೆಡ್ ಅಲರ್ಟು.
ಹೊಸ ನೋಟ್‌ಬುಕ್ಕಿನಲ್ಲಿ ಸಹಿಗೆ ಜಾಗ ಬಿಡಲಿಲ್ಲ.
ಯಾವ ಜೀಪು, ಎಷ್ಟು ಗಂಟೆಗೆ,
ಬಿಟ್ಟು ಬರಲಾಗದ್ದು ಏನು ಎಂದು ಗೆರೆ ಎಳೆದೆ.
ಹನ್ನೊಂದರಲ್ಲಿ ಉಳಿದ ಐದು ಪೆಟ್ಟಿಗೆಯನ್ನು
ಮೋಣಪ್ಪ ಜೂನಿನಲ್ಲೇ ಕುಶಾಲನಗರದ ಕಡೆ ಸಾಗಿಸಿದ್ದ.
ನಾವು ಹೋಗುವ ಮೊದಲೇ ರಸ್ತೆಗೆ ಬಂದು ನಿಂತಿದ್ದ,
ಕಂಕುಳಲ್ಲಿ ಒಂದು ಚೀಲ.

ಮುಂದಿನ ಸೀಟಿನಲ್ಲಿ ಕೂತ.
ರಝಾಕ್ ಈಗ ಗೇರನ್ನು ಅಂಗೈಯಿಂದ ತಳ್ಳುತ್ತಾನೆ,
ಪ್ರತಿ ತಿರುವಿಗೂ ಒಮ್ಮೆ.
ಮಾದಾಪುರದವರೆಗೆ ಎಷ್ಟು ತಿರುವು ಎಂದು
ಮೋಣಪ್ಪನಿಗೆ ಗೊತ್ತು.