ಎಡಗಾಲಿನ ಕಾಲುಚೀಲ

ಮೊದಲು ಕೈಕೊಟ್ಟದ್ದು ಕಾಲಲ್ಲ, ಕಾಲುಚೀಲ.
ಮಂಚದ ಅಂಚಿನಲ್ಲಿ ಕೂತು ಬಾಗಿದರೆ
ಬೆರಳ ತುದಿಗೂ ಹೆಬ್ಬೆರಳಿಗೂ ನಡುವೆ ಒಂದು ಗೇಣು.
ಆ ಗೇಣು ದಾಟಲು
ಕಾಲು ಗಂಟೆ, ಎರಡು ಬೈಗುಳ.

ನೋವು ಮಂಡಿಯದ್ದೇ ಎಂದು ನನ್ನ ಹಟ.
ಮಂಡಿಗೆ ಮುಲಾಮು, ಮಂಡಿಗೆ ಪಟ್ಟಿ,
ಮಂಡಿಯ ಹೆಸರಲ್ಲಿ ಎರಡು ಚಳಿಗಾಲ.
ಕ್ಯಾಂಪೇರಿನ ಡಾಕ್ಟರ್ ಕೆರ್ವೆಲ್ಲಾ
ಮಂಡಿಯ ಕಡೆ ತಿರುಗಿಯೂ ನೋಡಲಿಲ್ಲ.
ಅಂಗಾತ ಮಲಗಿಸಿ, ಪಾದ ಹಿಡಿದು
ತೊಡೆಯನ್ನು ಒಳಕ್ಕೆ ತಿರುವಿದಳು, ಅಷ್ಟೇ:
ನನ್ನ ಬಾಯಿಂದ ಬ್ರೆಟನ್ ಭಾಷೆ ಸಿಡಿಯಿತು,
ಅವಳಜ್ಜಿಯೂ ಕೇಳಿರದಂಥ ಬ್ರೆಟನ್.
"ಕಳ್ಳ ಅಟ್ಟದ ಮೇಲಿದ್ದಾನೆ," ಅಂದಳು,
"ನೀವು ಹೊಸ್ತಿಲು ಕಾಯುತ್ತಿದ್ದೀರಿ."

ಬೆಳಕಿನ ಹಲಗೆಯ ಮೇಲೆ ನನ್ನ ಸೊಂಟ.
ಬಲಗಡೆ, ಚೆಂಡಿಗೂ ಬಟ್ಟಲಿಗೂ ನಡುವೆ
ಒಂದು ಕಪ್ಪು ಗೆರೆ.
ಗೆರೆಯಲ್ಲ, ಮೆತ್ತೆ ಅದು;
ಎಕ್ಸರೇಗೆ ಕಾಣುವುದಿಲ್ಲ,
ಕಾಣದೆ ಇರುವುದೇ ಅದರ ಗುರುತು.
ಎಡಗಡೆ ಗೆರೆಯೇ ಇಲ್ಲ.
ಎಲುಬು ಎಲುಬನ್ನು ತಿಂದು
ಅಂಚಿನಲ್ಲಿ ಗಂಟುಗಂಟಾಗಿ ಬೆಳೆದಿದೆ,
ಹಡಗುಕಟ್ಟೆಯ ಕಲ್ಲಿಗೆ ಹತ್ತಿದ ಚಿಪ್ಪಿನ ಹಾಗೆ.

"ಬಟ್ಟಲೇ ಆಳವಿಲ್ಲ, ಹುಟ್ಟಿನಿಂದ.
ನಿಮ್ಮ ಕಡೆಯ ಹೆಂಗಸರಲ್ಲಿ ಇದಿತ್ತು."
ಗೊತ್ತು. ಅಜ್ಜಿ ಕಟೆಲ್ ಕುಂಟುತ್ತಿದ್ದಳು,
ಅವಳ ಇಬ್ಬರು ಅಕ್ಕಂದಿರೂ.
ಭಾನುವಾರ ಚರ್ಚಿನಿಂದ ಇಳಿದು ಬರುವಾಗ
ಮೊಳದೆತ್ತರದ ಬಿಳಿ ಲೇಸಿನ ಟೋಪಿಗಳು
ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದವು,
ಬಂದರಿಗೆ ಮರಳುವ ದೋಣಿಗಳಂತೆ.
ಕುಂಟನಿಗೆ ಎಂಟು ಚೇಷ್ಟೆ ಅನ್ನುವವರು
ಮದುವೆಯ ರಾತ್ರಿ ಕಟೆಲ್ ಕುಣಿಯುವಾಗ
ಬಂದು ಎಣಿಸಬೇಕಿತ್ತು.

ಅದರ ಮೇಲೆ, ಸಾರ್ಡೀನ್ ಡಬ್ಬಿ ಕಾರ್ಖಾನೆಯ
ಒದ್ದೆ ಸಿಮೆಂಟಿನಲ್ಲಿ ನಾನು ನಿಂತ ಮೂವತ್ತೊಂದು ವರ್ಷ.

ಕತ್ತಿಗೆ ಮೊದಲು ಕೋಲು.
ನೋವು ಎಡಕ್ಕೆ, ಕೋಲು ಬಲಗೈಗೆ:
ಅರವತ್ತೇಳು ತುಂಬಿದರೂ ಇಷ್ಟು ಗೊತ್ತಿರಲಿಲ್ಲ.
ಆರು ಕಿಲೋ ಇಳಿಸಿ ಎಂದರು;
ಬೆಣ್ಣೆ ಕೇಕಿನ ಜೊತೆ ರಾಜಿ ಮಾಡಿಕೊಂಡು ನಾಲ್ಕು ಇಳಿಸಿದೆ.
ಮಂಗಳವಾರ ಬೆಚ್ಚನೆ ಕಡಲನೀರಿನ ಕೊಳ,
ಎದೆಮಟ್ಟ ನಿಂತು ಕಾಲು ಬೀಸುವ ಪಾಠ.
ನೀರೊಳಗೆ ನನಗೆ ಇಪ್ಪತ್ತು,
ಮೆಟ್ಟಿಲು ಹತ್ತಿದರೆ ಮತ್ತೆ ಅರವತ್ತೇಳು.
ಸೇಬು ಹೂಬಿಟ್ಟಾಗ ಕೀಲಿಗೆ ಚುಚ್ಚಿದ ಮದ್ದು
ಕಾಯಿ ಕಟ್ಟುವಷ್ಟರಲ್ಲಿ ಮುಗಿಯಿತು.
ಮಾತ್ರೆ ನೋವಿನ ಬದಲು ಹೊಟ್ಟೆ ಸುಟ್ಟಿತು.
ಯಾವುದೂ ಸುಳ್ಳಲ್ಲ, ಎರಡು ವರ್ಷ ನಡೆಸಿದವು.
ಸವೆದದ್ದನ್ನು ತುಂಬಿಕೊಡಲಿಲ್ಲ.

ರಾತ್ರಿ ಮಗ್ಗುಲು ಬದಲಿಸಲು
ಎದ್ದು ಕೂರಬೇಕಾದಾಗ ನಾನೇ ಫೋನ್ ಮಾಡಿದೆ.
ಈ ಸಲ ಅವಳು ಎಕ್ಸರೇ ತೆಗೆಯಲೇ ಇಲ್ಲ.
"ಏನು ಮಾಡಲಾಗುತ್ತಿಲ್ಲ, ಹೇಳಿ."
ಸಂತೆ, ಕುಣಿತ, ದೀಪಸ್ತಂಭದ ದಾರಿ...
ದೊಡ್ಡ ಪಟ್ಟಿಯೇ ಸಿದ್ಧವಿತ್ತು.
"ಕಾಲುಚೀಲ," ಅಂದೆ, ಗಂಟಲು ಕಟ್ಟಿತು.

ಅಂಗೈಯಲ್ಲಿಟ್ಟು ತೋರಿಸಿದರು:
ಟೈಟಾನಿಯಂ ಕಡ್ಡಿ, ಪಿಂಗಾಣಿಯ ಚೆಂಡು,
ಕೋಳಿಮೊಟ್ಟೆಗಿಂತ ಚಿಕ್ಕದು, ನಸುಗುಲಾಬಿ.
ಸೋಂಕು, ಹೆಪ್ಪುಗಟ್ಟುವ ರಕ್ತ, ಕೀಲು ಕಳಚುವುದು:
ಎಲ್ಲ ಕಾಗದದಲ್ಲಿತ್ತು. ಓದಿಯೇ ಸಹಿ ಹಾಕಿದೆ,
ಸಹಿ ನನ್ನದರ ಹಾಗೆ ಕಾಣಲಿಲ್ಲ.
ಆ ಸಂಜೆಯೇ ಎತ್ತಿ ನಿಲ್ಲಿಸಿದರು.
ಗಾಯ ನೋಯುತ್ತಿತ್ತು,
ನೋವು ನೋಯುತ್ತಿರಲಿಲ್ಲ.

ಆರು ವಾರ ಬಾಗಬಾರದಂತೆ.
ಅಂದರೆ ಕಾಲುಚೀಲ
ಇನ್ನೂ ನರ್ಸಮ್ಮನ ಕೈಯಲ್ಲೇ!

ಗಿಲ್ವಿನೆಕ್‌ಗೆ ಮರಳಿದ ಮೇಲೆ ಒಂದು ಮಧ್ಯಾಹ್ನ
ತಂಗಿ ಮಾಝೇವಳ ಮನೆಗೆ ಹೋದೆ.
ಅವಳ ಕಣ್ಣು ಹೋಗಿ ಒಂಬತ್ತು ವರ್ಷ;
ಜಲ್ಲಿಯ ಮೇಲೆ ನನ್ನ ಟಕ್‌ — ಟಪ್ ಕೇಳಿದರೆ
ಕಾಫಿಗೆ ನೀರಿಡುವವಳು.
ಈಗ ಎರಡೂ ಕಾಲಿಗೆ ಒಂದೇ ಸದ್ದು.
"ಯಾರದು?"
"ನಾನೇ, ಸೊಯಾಜಿಗ್."
"ಸುಳ್ಳು," ಎಂದಳು ಒಳಗಿಂದ, ಅಗಣಿ ತೆಗೆಯದೆ.

ಗೇಟಿನವರೆಗೆ ಹಿಂದೆ ಹೋಗಿ
ಮೂರು ಹೆಜ್ಜೆ, ಮೆಲ್ಲಗೆ,
ಹಳೆಯ ಹಾಗೇ ಕುಂಟಿದೆ.